ಟೈರಿಗೆ ತಾಗದ ನೆಂಟರು

ನಮ್ಮ ಬಾಮೈದನ ಸ್ವಿಫ್ಟ್ ಕಾರಿನಲ್ಲಿ ಯಾರು ಕೂರಬೇಕು ಅನ್ನೋದು ಈಗ ನೆಂಟಸ್ತಿಕೆ ನೋಡಿ ತೀರ್ಮಾನ ಆಗೋದಿಲ್ಲ. ತೂಕ ನೋಡಿ ಆಗುತ್ತದೆ. ಹಿಂದಿನ ಸೀಟಿಗೆ ಮೂರನೆಯವರು ಹತ್ತಿದರೆ ಟೈರು ಮೇಲಿನ ಮಡ್‌ಗಾರ್ಡಿಗೆ ತಾಗುತ್ತದೆ. ಮಂಡ್ಯದಲ್ಲಿ ಆ ಮೂರನೆಯವರನ್ನು ಬಿಟ್ಟು ಕಾರು ಹೊರಟರೆ ಎಷ್ಟು ವರ್ಷ ಮಾತು ಕೇಳಬೇಕು ಅಂತ ನಿಮಗೆ ಗೊತ್ತೇ ಇದೆ.

ಮೊದಲು ಅವನು ಸ್ಟೈಲಾಗಿ ಕಾಣಲಿ ಅಂತ ಸ್ಪ್ರಿಂಗ್ ಬದಲಿಸಿ ಕಾರನ್ನು 40 ಮಿಲಿಮೀಟರ್ ಇಳಿಸಿದ. ಕಂಪನಿ ಕೊಟ್ಟಿದ್ದ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವಿನ ಜಾಗ, 170. ಉಳಿದದ್ದು 130. ರಸ್ತೆಗಳ ಅಳತೆ ಗೊತ್ತುಮಾಡೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. “ನೋಡಿ ಭಾವ, ಇನ್ನೂ ಮೂರು ಸೆಂಟಿಮೀಟರ್ ಜಾಗ ಇದೆ” ಅಂದ. ಲೆಕ್ಕ ಸರಿ. ಆದರೆ ನಮ್ಮ ಕಡೆ ಹಂಪ್ ಹಾಕೋರು ಆ ಪುಸ್ತಕ ನೋಡಿರೋದಿಲ್ಲ. ಬೆಳಿಗ್ಗೆ ಯಾರದೋ ಕೋಳಿಗೆ ಬೈಕ್ ಗುದ್ದಿದರೆ ಸಂಜೆಗೆ ಅಲ್ಲೊಂದು ಹಂಪ್ ಎದ್ದಿರುತ್ತದೆ. ಅದರ ಎತ್ತರ ಕೋಳಿ ಯಜಮಾನನ ಸಿಟ್ಟಿನ ಮೇಲೆ ಹೋಗುತ್ತದೆ.

ಕಾರು ಇಳಿದ ಮೇಲೆ 15 ಇಂಚಿನ ವೀಲ್ ಸಪ್ಪೆ ಕಾಣಿಸಿತು. 17 ಹಾಕಿಸೋಕೆ ಮೈಸೂರಿಗೆ ಹೋದ. ಹಳೇ ಟೈರು 185/65 ಆರ್15. ಅಂದರೆ 185 ಮಿಲಿಮೀಟರ್ ಅಗಲ, ಟೈರಿನ ಪಕ್ಕದ ಗೋಡೆಯ ಎತ್ತರ ಅದರ 65 ಪರ್ಸೆಂಟ್, ಒಳಗಿನ ರಿಮ್ 15 ಇಂಚು. ಒಟ್ಟು ಎತ್ತರ ಸುಮಾರು 621 ಮಿಲಿಮೀಟರ್. ರಿಮ್ ದೊಡ್ಡದಾದಷ್ಟೂ ಗೋಡೆ ಗಿಡ್ಡ ಆಗಬೇಕು, ಒಟ್ಟು ಎತ್ತರ ಹೆಚ್ಚುಕಮ್ಮಿ ಅಷ್ಟೇ ಇರಬೇಕು. 205/45 ಆರ್17 ಹಾಕಿದ್ದರೆ 616 ಬರುತ್ತಿತ್ತು, ಯಾರ ತಂಟೆಯೂ ಇರುತ್ತಿರಲಿಲ್ಲ. ಅಂಗಡಿಯಲ್ಲಿ ಸ್ಟಾಕ್ ಇದ್ದದ್ದು 205/50. “ಐದೇ ಅಲ್ವಾ ಸಾರ್ ವ್ಯತ್ಯಾಸ” ಅಂದರಂತೆ ಅವರು. ಆ ಐದು 205ರ ಐದು ಪರ್ಸೆಂಟು, ಅದೂ ಮೇಲೊಂದು ಕೆಳಗೊಂದು. ಟೈರು 637ಕ್ಕೆ ಏರಿತು. ದುಡ್ಡು ಕೊಟ್ಟು 40 ಇಳಿಸಿದವನು ಮತ್ತೆ ದುಡ್ಡು ಕೊಟ್ಟು ಎಂಟು ಮಿಲಿಮೀಟರ್ ಏರಿಸಿಕೊಂಡು ಬಂದ. ಏರಿದ ಎಂಟೂ ಮಡ್‌ಗಾರ್ಡ್ ಹತ್ತಿರದ ಸಂದಿಯಲ್ಲೇ ಹೋಯಿತು.

ಒಂದು ಲಾಭ ಇದೆ ಅಂತಾನೆ. ಚಕ್ರ ದೊಡ್ಡದಾಗಿರೋದರಿಂದ 100 ಕಿಲೋಮೀಟರ್ ಓಡಿದರೂ ಮೀಟರ್ ಸುಮಾರು 98 ತೋರಿಸುತ್ತೆ, ಮಾರೋವಾಗ ಕಮ್ಮಿ ಓಡಿದೆ ಅನ್ನಬಹುದು. ಆ ಮೀಟರ್ ಸ್ಪೀಡನ್ನೂ ಕಮ್ಮಿ ತೋರಿಸುತ್ತೆ ಮಾರಾಯ, ಎಕ್ಸ್‌ಪ್ರೆಸ್‌ವೇ ಕ್ಯಾಮೆರಾಗೆ ಆ ರಿಯಾಯಿತಿ ಇಲ್ಲ ಅಂದೆ. ಮಾತು ಬದಲಿಸಿದ.

ನಿಜವಾದ ಪರೀಕ್ಷೆ ನಡೆದದ್ದು ಮಳವಳ್ಳಿ ಕಡೆಯ ಒಂದು ಬೀಗರೂಟದಲ್ಲಿ. ಹೋಗುವಾಗ ಹಿಂದೆ ನಾನು, ನನ್ನ ಹೆಂಡತಿ ಇಬ್ಬರೇ. ಒಂದು ಸದ್ದಿಲ್ಲ. ಬಾಮೈದ ಮೀಸೆ ತಿರುವಿದ. ಬರುವಾಗಲೂ ಅದೇ ಜನ, ಅದೇ ಸೀಟು. ಆದರೆ ನಡುವೆ ಮುದ್ದೆ, ಬೋಟಿ ಗೊಜ್ಜು, ಬಿರಿಯಾನಿ ಆಗಿತ್ತು. ಡಿಕ್ಕಿಯಲ್ಲಿ ಬೀಗರು ಪ್ರೀತಿಯಿಂದ ತುಂಬಿಸಿದ ತೆಂಗಿನಕಾಯಿ ಮೂಟೆ ಬೇರೆ. ಮೊದಲ ಹಳ್ಳ ಸಿಕ್ಕಿದ್ದೇ ತಡ, ಒಣ ತೆಂಗಿನಗರಿ ರಸ್ತೆ ಮೇಲೆ ಎಳೆದ ಹಾಗೆ ಸರ್ರ್ ಅಂತು. ಇಳಿದು ನೋಡಿದರೆ ಟೈರಿನ ಭುಜದ ಮೇಲೆ ಫಳಫಳ ಹೊಳೆಯುವ ಒಂದು ಗೆರೆ. ಒಳಗಿನ ಪ್ಲಾಸ್ಟಿಕ್ ಸವೆದು ಕಪ್ಪು ಸುರುಳಿಗಳು ನೇತಾಡ್ತಿದ್ದವು. ಸುಟ್ಟ ರಬ್ಬರ್ ವಾಸನೆ. ಬಾಮೈದ ಟೈರು, ಮೂಟೆ, ನನ್ನ ಹೊಟ್ಟೆ, ಮೂರನ್ನೂ ಇದೇ ಕ್ರಮದಲ್ಲಿ ನೋಡಿದ.

“ಭಾವ, ನೀವು ಮುಂದೆ ಬಂದು ಕೂತ್ಕೊಳಿ” ಅಂದ. ಅಳಿಯನಿಗೆ ಮುಂದಿನ ಸೀಟು ಮರ್ಯಾದೆಗೆ ಸಿಕ್ಕಿದ್ದಲ್ಲ ಅಂತ ಸುಮ್ನೆ ಹೋಗಿ ಕೂತೆ.

ಅತ್ತೆ ಮಾತ್ರ ಈ ತೂಕದ ರಾಜಕೀಯಕ್ಕೆ ಸಿಗಲಿಲ್ಲ. ಮುಂದಿನ ಬೀಗರೂಟದ ದಿನ ಬಾಮೈದ ಹಿಂದಿನ ಸೀಟಿನ ಹಂಚಿಕೆ ವಿವರಿಸುತ್ತಿದ್ದಾಗಲೇ “ನಿನ್ ಕಾರ್ ನೀನೇ ಹೊತ್ಕೊಂಡ್ ಬಾರ್ಲಾ” ಅಂತ ಆಧಾರ್ ಕಾರ್ಡ್ ತಗೊಂಡು ಬಸ್‌ಸ್ಟ್ಯಾಂಡಿಗೆ ಹೊರಟರು. ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಬಸ್ಸಿಗೆ ಮಡ್‌ಗಾರ್ಡ್ ಚಿಂತೆಯೂ ಇಲ್ಲ. ನಾವು ಒಂದು ಹಂಪ್ ಮೇಲೆ ಕಾರನ್ನು ಅಡ್ಡಡ್ಡ ತಿರುಗಿಸಿ, ಒಂದೊಂದೇ ಚಕ್ರ ಹತ್ತಿಸುತ್ತಿದ್ದಾಗ ಹಿಂದೆ ಒಂದು ಬಸ್ಸು ಹಾರನ್ ಹೊಡೆದು ಹೊಡೆದು ಕೊನೆಗೆ ಪಕ್ಕದಲ್ಲೇ ದಾಟಿತು. ಕಿಟಕಿಯಲ್ಲಿ ಅತ್ತೆ ಇದ್ದರು, ಪಕ್ಕದವರಿಗೆ ನಮ್ಮ ಕಾರು ತೋರಿಸಿ ಏನೋ ಹೇಳ್ತಿದ್ದರು. ಇಬ್ಬರೂ ನಗ್ತಿದ್ದರು.