ಬಂಗುಡೆ ಅಲ್ಲ, ಬಂಗುಡೆ ಇಲ್ಲ

ಮಂಗಳೂರಿನ ಮೀನು ಮಾರುಕಟ್ಟೆಯಲ್ಲಿ ‘ಇದು ಬಂಗುಡೆ ಅಲ್ಲ, ಬೂತಾಯಿ’ ಅಂದರೆ ಒಂದು, ‘ಬಂಗುಡೆ ಇಲ್ಲ’ ಅಂದರೆ ಇನ್ನೊಂದು. ತುಳುವಿನ ಅತ್ತ್, ಇಜ್ಜಿಗಳದ್ದೂ ಅದೇ ಲೆಕ್ಕ. ನಾಮಪದ, ಗುಣವಾಚಕ, ಕ್ರಿಯಾಪದ ಎಂದು ಬಾಯಿಪಾಠ ಮಾಡಿಸುವ ಶಾಲಾ ವ್ಯಾಕರಣ, ಇವು ಆಖ್ಯಾತದ ಜಾಗಕ್ಕೆ, ಅಂದರೆ ಕರ್ತೃವಿನ ಬಗ್ಗೆ ಹೇಳಿ ವಾಕ್ಯ ಮುಗಿಸುವ ಜಾಗಕ್ಕೆ ಬಂದಾಗ ಏನಾಗುತ್ತದೆ ಎಂಬುದನ್ನು ಮಾತ್ರ ಹೇಳಿಕೊಡುವುದಿಲ್ಲ. ‘ಮಂಗಳೂರು ಬಂದರು ನಗರ’ ಎಂದರೆ ಸಾಕಾದಲ್ಲಿ ‘ಮಂಗಳೂರು ಒಂದು ಬಂದರು ನಗರವಾಗಿದೆ’ ಎಂಬಂಥ ವಾಕ್ಯಗಳು ಹುಟ್ಟುವುದು ಅದಕ್ಕೇ.

ವಾಕ್ಯವನ್ನು ನಿಷೇಧಕ್ಕೆ ತಿರುಗಿಸಿ ನೋಡಿ. ನಾಮಪದಕ್ಕೆ ‘ಅಲ್ಲ’ ಬರುತ್ತದೆ: ಅವರು ಮೇಷ್ಟ್ರಲ್ಲ. ಕ್ರಿಯಾಪದಕ್ಕೆ ‘ಇಲ್ಲ’: ಅವರು ಬರಲಿಲ್ಲ. (‘ನಾನು ಹೇಳಿದ್ದಲ್ಲ’ ಇದೆಯಲ್ಲ ಎನ್ನಬೇಡಿ, ‘ಹೇಳಿದ್ದು’ ಅಲ್ಲಿ ಕೃದಂತನಾಮ, ಕ್ರಿಯಾಪದದಿಂದ ಹುಟ್ಟಿದ ನಾಮಪದ.) ಕಿತಾಪತಿಯೆಲ್ಲ ಗುಣವಾಚಕದ್ದು. ‘ಮನೆ ದೊಡ್ಡ’ ಎಂದು ವಾಕ್ಯ ಮುಗಿಯದು. ‘ದೊಡ್ಡದು’ ಎಂದು ನಾಮಪದವಾದರೆ ‘ದೊಡ್ಡದಲ್ಲ’. ‘ದೊಡ್ಡದಾಗಿದೆ’ ಎಂದು ಕ್ರಿಯಾಪದದ ಆಸರೆ ಹಿಡಿದರೆ ‘ದೊಡ್ಡದಾಗಿಲ್ಲ’. ನಮ್ಮ ಕರಾವಳಿಯ ‘ಲಾಯ್ಕ್ ಉಂಟು’ (ಚೆನ್ನಾಗಿದೆ) ಎರಡನೆಯ ಬಗೆಯದು, ಹಾಗಾಗಿ ‘ಲಾಯ್ಕ್ ಇಲ್ಲ’.

ಗುಣವಾಚಕ ಯಾವ ಪಕ್ಷ ಸೇರುತ್ತದೆ ಎನ್ನುವುದರಲ್ಲೇ ಭಾಷೆಗಳು ಬೇರೆಯಾಗುತ್ತವೆ. ಚೀನಿಯಲ್ಲಿ ಅದು ಕ್ರಿಯಾಪದದ ಕಡೆ: ನಿಷೇಧದ ‘ಬು’ ಎರಡಕ್ಕೂ ನೇರವಾಗಿ ಹತ್ತುತ್ತದೆ, ನಾಮಪದಕ್ಕೆ ಮಾತ್ರ ನಡುವೆ ‘ಆಗಿರು’ ಎನ್ನುವಂಥ ‘ಶಿ’ ಬೇಕು. ಜಪಾನಿಯಲ್ಲಿ ಪಕ್ಷವೇ ಒಡೆದಿದೆ. ಎತ್ತರ ಎನ್ನುವ ‘ತಕಾಯ್’ ಭೂತಕಾಲದಲ್ಲಿ ತಾನೇ ‘ತಕಾಕತ್ತಾ’ ಆಗುತ್ತದೆ. ನಿಶ್ಶಬ್ದ ಎನ್ನುವ ‘ಶಿಜುಕಾ’ ನಾಮಪದದಂತೆ ಅದೇ ಕೆಲಸದ ‘ದಾ’ಕ್ಕೆ ಆತುಕೊಳ್ಳಬೇಕು. ನೈಜೀರಿಯಾದ ಇಗ್ಬೋ ಭಾಷೆಯಲ್ಲಿ ಗುಣವಾಚಕಗಳಿರುವುದೇ ಎಂಟು.

ಕೆನಡಾದ ನೂಟ್ಕಾ ಭಾಷೆಯಲ್ಲಿ ‘ಗಂಡಸು ಕೆಲಸ ಮಾಡುತ್ತಿದ್ದಾನೆ’, ‘ಕೆಲಸ ಮಾಡುತ್ತಿರುವವನು ಗಂಡಸು’ ಎಂಬ ಎರಡೂ ವಾಕ್ಯಗಳಿಗೆ ಅವೇ ಎರಡು ಪದಗಳು ಸಾಕು, ಪ್ರತ್ಯಯ ಅದಲುಬದಲಾದರೆ ಆಯಿತು. 1939ರಲ್ಲಿ ಭಾಷಾವಿಜ್ಞಾನಿ ಮಾರಿಸ್ ಸ್ವಾದೇಶ್ ಕೊಟ್ಟ ಈ ಉದಾಹರಣೆ ನೋಡಿ ಅಲ್ಲಿ ಪದವರ್ಗಗಳೇ ಇಲ್ಲ ಎಂದವರುಂಟು. ಅವಸರದ ತೀರ್ಮಾನ ಅದು. ನಾಮಪದ ನಿರ್ದೇಶಕ ಪ್ರತ್ಯಯವಿಲ್ಲದೆಯೂ (ಇಂಗ್ಲಿಷಿನ ‘the’ ಥರದ್ದು) ಕರ್ತೃವಾಗಬಲ್ಲದು, ಕ್ರಿಯಾಪದಕ್ಕೆ ಆ ಪ್ರತ್ಯಯ ಬೇಕೇಬೇಕು ಎಂದು ಇನ್ನೊಬ್ಬ ಭಾಷಾವಿಜ್ಞಾನಿ ವಿಲಿಯಂ ಜೇಕಬ್‌ಸನ್ 1979ರಲ್ಲಿ ತೋರಿಸಿದರು. ಗುಣವಾಚಕವನ್ನೇ ಹಿಡಿದು 1994ರಲ್ಲಿ ಇಡೀ ಪುಸ್ತಕ ಬರೆದ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ನಮ್ಮ ಪುತ್ತೂರು ಕಡೆಯವರು. ಇಲ್ಲಿಯ ಪಠ್ಯಪುಸ್ತಕಗಳಿಗೆ ಮಾತ್ರ ಅದರ ಗಾಳಿಯೂ ಸೋಕಿಲ್ಲ.

ಹಾಗೆಂದು ‘ಆಗಿ’ಯನ್ನು ಕಂಡಲ್ಲೆಲ್ಲ ಕಿತ್ತು ಹಾಕಬೇಡಿ. ಭೂತಕಾಲ ಬಂದರೆ ಅದು ಬೇಕು: ಮೇಷ್ಟ್ರಾಗಿದ್ದರು. ರಷ್ಯನ್ನರೂ ವರ್ತಮಾನದಲ್ಲಿ ಏನೂ ಸೇರಿಸದೆ ಭೂತಕ್ಕೆ ಮಾತ್ರ ‘ಬಿಲ್’ ತರುತ್ತಾರೆ. ಕರಡು ತಿದ್ದುವಾಗ ‘ಆಗಿದೆ’ ಕಂಡರೆ ನಿಷೇಧಿಸಿ ನೋಡಿ. ‘ಮಂಗಳೂರು ರಾಜಧಾನಿಯಾಗಿಲ್ಲ’ ಎಂದು ಯಾರೂ ಹೇಳರು, ‘ರಾಜಧಾನಿಯಲ್ಲ’ ಎನ್ನುತ್ತಾರೆ; ಅಂಥ ಕಡೆ ಹೊಡೆದು ಹಾಕಿ. ‘ಬಸ್‌ಸ್ಟ್ಯಾಂಡ್ ಸ್ವಚ್ಛವಾಗಿಲ್ಲ’ ಸಲೀಸಾಗಿ ಬಾಯಿಗೆ ಬರುತ್ತದೆ, ಅಲ್ಲಿ ಇರಲಿ.