ಎಡಗಾಲಿಗೆ ಬಂದ ಅಪವಾದ

ಆಗುಂಬೆ ಘಾಟಿಯಲ್ಲಿ 14 ತಿರುವುಗಳಿವೆ. ಆ ಅಷ್ಟೂ ತಿರುವುಗಳಲ್ಲಿ ಕ್ಲಚ್ಚನ್ನು ಪೂರ್ತಿ ಒತ್ತದೆ, ಪೂರ್ತಿ ಬಿಡದೆ, ತ್ರಿಶಂಕುವಿನಂತೆ ನಡುವೆ ಹಿಡಿದುಕೊಂಡೇ ನನ್ನ ಹಳೆಯ ಓಮ್ನಿಯನ್ನು ಮೇಲೆ ಹತ್ತಿಸಿದೆ. ಒಳಗೆ ಏಳು ಜನ, ಏಳು ಜನರೊಳಗೆ ಹೆಬ್ರಿಯ ಮದುವೆಯೂಟ, ಸಾಲದ್ದಕ್ಕೆ ಅತ್ತೆಯವರು ಹೊರಡುವಾಗ ಹೇರಿಸಿದ ಎರಡು ಹಲಸಿನಹಣ್ಣು. 796 ಸಿ.ಸಿ. ಎಂಜಿನ್ ತಾನೇ ಎಷ್ಟೆಂದು ಎಳೆದೀತು? ಮೇಲೆ ತಲುಪುವಷ್ಟರಲ್ಲಿ ಸುಟ್ಟ ವಾಸನೆ. "ಯಾರೋ ತರಗೆಲೆ ಸುಡುತ್ತಿದ್ದಾರೆ" ಎಂದು ಎಲ್ಲರಿಗೂ ಧೈರ್ಯ ಹೇಳಿದೆ. ಸುಟ್ಟದ್ದು ಕ್ಲಚ್ ಪ್ಲೇಟು.

ಗ್ಯಾರೇಜಿನವರು "ಗೇರ್‌ಬಾಕ್ಸ್ ಇಳಿಸಬೇಕು" ಎಂದರು. ಡಾಕ್ಟರು "ಒಂದೆರಡು ದಿನ ಇಲ್ಲೇ ಇರಲಿ" ಎನ್ನುವಾಗ ಆಗುವ ಸಂಕಟವೇ ಆಯಿತು. ಪ್ಲೇಟು, ಅದನ್ನು ಅದುಮಿ ಹಿಡಿಯುವ ಪ್ರೆಶರ್ ಪ್ಲೇಟು, ಕ್ಲಚ್ ಒತ್ತಿದಾಗ ಎಂಜಿನ್ನಿನ ಜೊತೆ ತಿರುಗುವ ರಿಲೀಸ್ ಬೇರಿಂಗು, ಮೂರನ್ನೂ ಒಟ್ಟಿಗೇ ಬದಲಿಸಿದರು. ಅದು ಸರಿಯೇ, ಗೇರ್‌ಬಾಕ್ಸನ್ನು ಒಂದಕ್ಕೆಂದು ಇಳಿಸಿ, ತಿಂಗಳು ಬಿಟ್ಟು ಇನ್ನೊಂದಕ್ಕೆಂದು ಮತ್ತೆ ಇಳಿಸುವುದು ಯಾರಿಗೆ ಬೇಕು? ಮೂರನೆಯ ದಿನ ಗಾಡಿ ಮನೆಗೆ ಬಂತು. ಗೇಟಿನ ಬಳಿ ಕ್ಲಚ್ ಒತ್ತಿದೆ. "ಕುಂಯ್ಕ್" ಎಂದಿತು.

ಪಕ್ಕದ ಮನೆಯ ನಿವೃತ್ತ ಬಸ್ ಚಾಲಕರು ಹೂ ಕೊಯ್ಯುವುದನ್ನು ಬಿಟ್ಟು ಬಂದರು. ನನ್ನ ಪಕ್ಕದಲ್ಲಿ ಕುಳಿತು, ಸಂಗೀತ ಸ್ಪರ್ಧೆಯ ತೀರ್ಪುಗಾರರಂತೆ ಕಣ್ಣು ಮುಚ್ಚಿಕೊಂಡು, "ಒತ್ತಿ ಮಾರಾಯರೇ" ಎಂದರು. ಕುಂಯ್ಕ್. "ಒತ್ತಿದಾಗ ಸದ್ದು ಬಂದರೆ ರಿಲೀಸ್ ಬೇರಿಂಗು. ನ್ಯೂಟ್ರಲ್‌ನಲ್ಲಿ ಸದ್ದು ಮಾಡಿ, ಒತ್ತಿದೊಡನೆ ನಿಂತರೆ ಗೇರ್‌ಬಾಕ್ಸಿನೊಳಗಿನ ಬೇರಿಂಗು. ನಿಮ್ಮದು ಮೊದಲನೆಯದು. ಹಳೆಯದನ್ನೇ ಒರೆಸಿ ಹಾಕಿದ್ದಾರೆ." ಸೂತ್ರ ಸರಿಯಾದದ್ದೇ. ಅದಕ್ಕೇ ನಾನು ಮೋಸ ಹೋದೆ.

ಗ್ಯಾರೇಜಿನ ಹುಡುಗ "ಸದ್ದು ಹೇಗೆ ಬರುತ್ತದೆ ಸಾರ್?" ಎಂದು ಕೇಳಿದ. ನಾಲ್ಕು ಜನ ಗಿರಾಕಿಗಳ ಎದುರು "ಕುಂಯ್ಕ್" ಎಂದೆ. "ಗೊರ್ರ್ ಎಂದೋ, ಕಿರ್ರ್ ಎಂದೋ?" ಎರಡೂ ಅಲ್ಲವೆಂದು ತೋರಿಸಲು ಇನ್ನೊಮ್ಮೆ, ಸ್ವಲ್ಪ ಮೇಲಿನ ಶ್ರುತಿಯಲ್ಲಿ ಕುಂಯ್ಗುಟ್ಟಿದೆ. ಮೂಲೆಯಲ್ಲಿ ಮಲಗಿದ್ದ ನಾಯಿ ಎದ್ದು ಬಂದು ನನ್ನನ್ನೇ ನೋಡಿತು. ಹುಡುಗ ಗಾಡಿ ಹತ್ತಿ ಹತ್ತು ಸಲ ಕ್ಲಚ್ ಒತ್ತಿದ. ಒಂದು ಸಲವಾದರೂ ಸದ್ದು ಬರಬೇಡವೇ? ಹಠಮಾರಿ ಮಗು ನೆಂಟರ ಮುಂದೆ ಕೂತ ಹಾಗೆ ಕೂತಿತ್ತು ಗಾಡಿ. ಅಲ್ಲಿಂದ ಹೊರಟು ಮೊದಲನೆಯ ತಿರುವಿಗೆ ಬಂದೆ. ಕುಂಯ್ಕ್.

ಗುಟ್ಟಿನ ಮೊದಲ ಎಳೆ ಹಿಡಿದವಳು ನನ್ನ ಹೆಂಡತಿ. ಎಂಜಿನ್ ಆರಿಸಿ ಅಂಗಳದಲ್ಲಿ ಕುಳಿತು ನಾನು ಸುಮ್ಮನೆ ಕ್ಲಚ್ ಒತ್ತುತ್ತಿದ್ದೆ. ಆಗಲೂ ಕುಂಯ್ಕ್. ತುಳಸಿಗೆ ನೀರು ಹಾಕುತ್ತಿದ್ದವಳು, "ಎಂಜಿನ್ನೇ ತಿರುಗುತ್ತಿಲ್ಲವಲ್ಲ, ಬೇರಿಂಗು ಹೇಗೆ ತಿರುಗುತ್ತದೆ?" ಎಂದಳು. ನಾನು ಮರುಮಾತಾಡದೆ ಗಾಡಿಯನ್ನು ಗ್ಯಾರೇಜಿನತ್ತ ತಿರುಗಿಸಿದೆ.

ಹಾಗಾದರೆ ಪೆಡಲ್ಲೋ, ಕೇಬಲ್ಲೋ ಇರಬೇಕೆಂದು ಹುಡುಗ ಎರಡಕ್ಕೂ ಗ್ರೀಸು, ಎಣ್ಣೆ ಎಲ್ಲ ಉಣಿಸಿದ. ಅವನು ಒತ್ತಿದರೆ ಮೌನ, ನಾನು ಒತ್ತಿದರೆ ಕುಂಯ್ಕ್. ಚಪ್ಪಲಿ ಬಿಚ್ಚಿಸಿದ. ಬರಿಗಾಲಿಗೂ ಕುಂಯ್ಕ್. ಆಮೇಲೆ ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ, ಮುಖ್ಯವಾಗಿ ನಡುವಿನಲ್ಲಿ ನೋಡಿ, "ಸಾರ್, ಕ್ಲಚ್ ಮುಟ್ಟಬೇಡಿ. ಸುಮ್ಮನೆ ಹಿಂದಕ್ಕೆ ಒರಗಿ" ಎಂದ.

ಒರಗಿದೆ. ಕುಂಯ್ಕ್!

ಓಮ್ನಿಗೆ ಮೂಗಿಲ್ಲ, ಎಂಜಿನ್ ಇರುವುದು ಮುಂದಿನ ಸೀಟುಗಳ ಅಡಿಯಲ್ಲಿ. ಕೆಲಸಕ್ಕೆ ಅನುಕೂಲವಾಗಲೆಂದು ಅವನು ನನ್ನ ಸೀಟನ್ನೂ ಬಿಚ್ಚಿದ್ದ. ಮತ್ತೆ ಕೂರಿಸುವಾಗ ಒಂದು ಬೋಲ್ಟು ಹಾಕಿರಲಿಲ್ಲ. ಹೊಸ ಕ್ಲಚ್ಚನ್ನು ನಾನು ಎಡಗಾಲಿನಿಂದ ಮುಂದಕ್ಕೆ ತಳ್ಳಿದಾಗಲೆಲ್ಲ ನನ್ನ 88 ಕಿಲೋ ಬೆನ್ನ ಕಡೆಯಿಂದ ಸೀಟನ್ನು ಹಿಂದಕ್ಕೆ ತಳ್ಳುತ್ತಿತ್ತು. ಹುಡುಗನೋ ಕಡ್ಡಿ, ಪೆಡಲ್ ಎಟುಕಲೆಂದು ಸೀಟಿನ ತುದಿಯಲ್ಲೇ ಕೂರುತ್ತಿದ್ದ. ಡಬ್ಬಿಯೊಂದನ್ನು ತಡಕಿ ಬೋಲ್ಟು ತೆಗೆದು, "ಯಾವ ಗಾಡಿಯದು ಎಂದು ತಿಳಿಯದೆ ಜೋಪಾನವಾಗಿ ಇಟ್ಟಿದ್ದೆ ಸಾರ್" ಎಂದ. ದುಡ್ಡು ಕೇಳಲಿಲ್ಲ, ನಾನೂ ಏನೂ ಅನ್ನಲಿಲ್ಲ. ಬೈಯಲು ಹೊರಟರೆ ನನ್ನ ತೂಕದ ಮಾತು ಬರುತ್ತಿತ್ತು.

ಈಗ ಗಾಡಿ ತಣ್ಣಗಿದೆ. ಪಕ್ಕದ ಮನೆಯವರು ಮಾತ್ರ ಒಪ್ಪಿಲ್ಲ. ಬೇಲಿಯಾಚೆಯಿಂದ ದಾಸವಾಳ ಕೊಯ್ಯುತ್ತ ಹೇಳಿದರು: "ಬೇರಿಂಗು ಸದ್ಯಕ್ಕೆ ಸುಮ್ಮನಿದೆ ಮಾರಾಯರೇ. ಮಳೆಗಾಲ ಬರಲಿ."