ಹೆಪ್ಪಿಗೂ ಬಂತು ಎಂಆರ್‌ಪಿ

ಕಳೆದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಒಂದು ವರ್ಕ್‌ಶಾಪ್. ವಿಷಯ: ಗಟ್ ಹೆಲ್ತ್. ಶುಲ್ಕ 1,500 ರೂಪಾಯಿ. ಹೊಟ್ಟೆಯ ವಿಷಯ ಅಂದಮೇಲೆ ತಿಂಡಿ ಇದ್ದೇ ಇರುತ್ತದೆ ಅಂತ ನಂಬಿ ಹೋದೆ.

ಮೇಡಂ ಒಂದು ಗಾಜಿನ ಬೋಗುಣಿಯ ಮುಚ್ಚಳ ತೆಗೆದರು. "ಓವರ್‌ನೈಟ್ ಫರ್ಮೆಂಟೆಡ್ ರೈಸ್" ಎಂದರು. ಎಲ್ಲರೂ ಫೋಟೊ ತೆಗೆದರು. ನಾನು ಬಗ್ಗಿ ನೋಡಿದೆ. ತಂಗಳನ್ನ! ರಾತ್ರಿ ಉಳಿದ ಅನ್ನಕ್ಕೆ ನೀರು ಹಾಕಿಟ್ಟು, ಬೆಳಿಗ್ಗೆ ಮಜ್ಜಿಗೆ ಸುರಿದು, ಈರುಳ್ಳಿ ಕಚ್ಚಿಕೊಂಡು ನಮ್ಮಜ್ಜಿ ಉಣ್ಣುತ್ತಿದ್ದಳಲ್ಲ, ಅದೇ. ನೆಂಟರು ಬಂದರೆ ತಟ್ಟೆಗೆ ಸೆರಗು ಮುಚ್ಚಿಕೊಂಡು ಹಿತ್ತಿಲಿಗೆ ಹೋಗುತ್ತಿದ್ದಳು. ಪಾಪ, ತಾನು ಉಣ್ಣುತ್ತಿರುವುದು ಓವರ್‌ನೈಟ್ ಅಂತ ಅವಳಿಗೆ ಗೊತ್ತಿರಲಿಲ್ಲ.

ಆಮೇಲೆ ಶುರುವಾಯ್ತು ತಲೆಲೆಕ್ಕ. ಮೇಡಂ ತೋರಿಸಿದ್ದು ಪ್ರೊಬಯಾಟಿಕ್ ಪಾನೀಯ, ಅಂದರೆ ಹೊಟ್ಟೆಗೆ ಒಳ್ಳೆಯದಂತೆ ಅನ್ನುವ ಜೀವಂತ ಬ್ಯಾಕ್ಟೀರಿಯಾ ಇರುವಂಥದ್ದು. ಒಂದು ಪುಟ್ಟ ಬಾಟಲಿಯಲ್ಲಿ 650 ಕೋಟಿ ಬ್ಯಾಕ್ಟೀರಿಯಾ! ಎಣಿಸಿದವರಿಗೆ ದೊಡ್ಡ ನಮಸ್ಕಾರ. 2021ರಲ್ಲಿ ನಮ್ಮ ಜನರನ್ನು ಎಣಿಸುವುದಕ್ಕೇ ಆಗಲಿಲ್ಲ, ಬಾಟಲಿಯೊಳಗಿನವರ ಗಣತಿ ಮಾತ್ರ ಪಕ್ಕಾ.

ಆದರೆ ನಮ್ಮ ಮೈಯಲ್ಲಿ ಮೊದಲೇ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ. ಹೆಚ್ಚಿನವುಗಳ ವಾಸ ದೊಡ್ಡ ಕರುಳಿನಲ್ಲಿ. ಅಲ್ಲಿಗೆ 650 ಕೋಟಿ ಹೋದರೆ ಬೆಂಗಳೂರಿಗೆ ಒಂದು ರೈಲು ಜನ ಬಂದಿಳಿದ ಹಾಗೆ. ಮೆಜೆಸ್ಟಿಕ್ಕಿನಲ್ಲಿ ಇಳಿಯುತ್ತಾರೆ, ಬಾಡಿಗೆ ಮನೆ ಸಿಗುವುದಿಲ್ಲ, ನಾಲ್ಕು ದಿನ ಅಲೆದು ವಾಪಸ್ ಹೋಗುತ್ತಾರೆ. ಯಾವ ದಾರಿಯಲ್ಲಿ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಎಲ್ಲಾ ಬೊಗಳೆ ಅಂತ ನಾನು ಹೇಳುತ್ತಿಲ್ಲ. ಆಂಟಿಬಯೋಟಿಕ್ ನುಂಗಿ ಹೊಟ್ಟೆ ಕೆಟ್ಟಾಗ ಕೆಲವು ತಳಿಗಳು ನೆರವಿಗೆ ಬರುತ್ತವೆ. ಆದರೆ ಹೊಟ್ಟೆಯ ಹೆಚ್ಚಿನ ಕಾಯಿಲೆಗಳಿಗೆ ಪ್ರೊಬಯಾಟಿಕ್ ಕೊಡಿ ಅನ್ನುವಷ್ಟು ಪುರಾವೆ ಇಲ್ಲ ಅಂತ ಅಮೆರಿಕದ ಹೊಟ್ಟೆ ಡಾಕ್ಟರುಗಳ ಸಂಘವೇ 2020ರಲ್ಲಿ ಹೇಳಿತು. ಮೇಡಂ ಸ್ಲೈಡುಗಳಲ್ಲಿ ಅದೊಂದು ಕಾಣಲಿಲ್ಲ.

ಮೆಚ್ನಿಕಾಫ್ ಮಾತ್ರ ಕಂಡರು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ವಿಜ್ಞಾನಿ, 1908ರ ನೊಬೆಲ್ ಪಡೆದವರು. ಬಲ್ಗೇರಿಯಾದ ಹಳ್ಳಿಗರು ಹುಳಿ ಹಾಲು ಕುಡಿದೇ ಜಾಸ್ತಿ ದಿನ ಬದುಕುತ್ತಾರೆ ಅಂತ ನಂಬಿ ತಾವೂ ದಿನಾ ಕುಡಿದರು. 1916ರಲ್ಲಿ ತೀರಿಕೊಂಡಾಗ ಅವರಿಗೆ 71. ಸೆರಗು ಮುಚ್ಚಿಕೊಂಡು ಉಂಡ ನಮ್ಮಜ್ಜಿ 91ಕ್ಕೆ ಹೋದಳು. ಇದರಿಂದ ಏನೂ ಸಾಬೀತಾಗುವುದಿಲ್ಲ. ಸುಮ್ನೆ ಹೇಳಿದೆ.

ಮಧ್ಯೆ ತಿಂಡಿ ಬಂತು. "ಪ್ರೊಬಯಾಟಿಕ್ ಇಡ್ಲಿ". ಪ್ರೊಬಯಾಟಿಕ್ ಅಂದರೆ ಜೀವಂತ ಇರಬೇಕು, ಸಾಕಷ್ಟು ಇರಬೇಕು, ಒಳ್ಳೆಯದೂ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲೇ ಹೇಳಿದೆ. ಹಿಟ್ಟನ್ನು ರಾತ್ರಿಯಿಡೀ ಉಬ್ಬಿಸಿದ ಬ್ಯಾಕ್ಟೀರಿಯಾಗಳು ಇಡ್ಲಿ ಪಾತ್ರೆಯ ಹಬೆಯಲ್ಲಿ ಸತ್ತುಹೋಗುತ್ತವೆ. ಕೆಲಸ ಮುಗಿಸಿಯೇ ಸಾಯುತ್ತವೆ, ಇಡ್ಲಿಯ ಮೆದು ಅವುಗಳದ್ದೇ. ಆದರೆ ತಟ್ಟೆಗೆ ಬಂದಿದ್ದು ಹುತಾತ್ಮರು. ಕೇಳೋಣ ಅಂತ ಬಾಯಿ ತೆರೆದೆ. ಚಟ್ನಿ ಚೆನ್ನಾಗಿತ್ತು, ಮುಚ್ಚಿದೆ.

ನಮ್ಮ ಮೊಸರಿನ ಮೇಲೆ ಎಲ್ಲರಿಗೂ ಕಣ್ಣು. 2022ರ ಜುಲೈನಲ್ಲಿ ಪ್ಯಾಕೆಟ್ ಮೊಸರು, ಮಜ್ಜಿಗೆಗೆ ಶೇ 5 ಜಿಎಸ್‌ಟಿ ಬಿತ್ತು. ಮರುವರ್ಷ ಆಹಾರ ಪ್ರಾಧಿಕಾರ ಪ್ಯಾಕೆಟ್ ಮೇಲೆ 'ದಹಿ' ಅಂತ ಬರೆಯಿರಿ, 'ಮೊಸರು' ಬೇಕಾದರೆ ಕಂಸದೊಳಗೆ ಕೂರಲಿ ಎಂದಿತು. ಗಲಾಟೆಯಾಯ್ತು, ಮಾರ್ಚ್ ಮುಗಿಯುವುದರೊಳಗೆ ಮಾತು ವಾಪಸ್. ಮೊಸರನ್ನು ಕಂಸದಿಂದ ಬಿಡಿಸಿಕೊಂಡೆವು. ಈಗ ನಾವೇ ಅದನ್ನು 'ಲೈವ್ ಕಲ್ಚರ್' ಅಂತ ಕರೆದು ಡಬಲ್ ರೇಟು ಕೊಡುತ್ತಿದ್ದೇವೆ.

ಮನೆಗೆ ಬಂದರೆ ಮಗ ಪಾತ್ರೆ ಬಳಿದು ಮೊಸರು ತಿಂದು ಮುಗಿಸಿದ್ದ. ಹೆಪ್ಪಿಗೂ ಒಂದು ತೊಟ್ಟಿಲ್ಲ. ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋದೆ. ಆಕೆಯೂ ವರ್ಕ್‌ಶಾಪಿಗೆ ಬಂದಿದ್ದವರೇ. ಕಿಟಕಿಯಲ್ಲಿ ಆಗಲೇ ಕೊಂಬುಚಾ, ಅಂದರೆ ಹುಳಿ ಬರಿಸಿದ ಚಹಾದ ಜಾಡಿ, ಬಟ್ಟೆ ಕಟ್ಟಿಸಿಕೊಂಡು ಕೂತಿತ್ತು.

"ಅಯ್ಯೋ, ದೀಪ ಹಚ್ಚಿ ಆಯ್ತಲ್ಲ," ಎಂದರು. "ಈ ಹೊತ್ತಲ್ಲಿ ಹೆಪ್ಪು ಕೊಡಬಾರದು, ಲಕ್ಷ್ಮಿ ಹೋಗ್ತಾಳೆ. ಕೊಂಬುಚಾ ಬೇಕಾದ್ರೆ ತಗೊಂಡ್ಹೋಗಿ. ಅದಕ್ಕೆ ಶಾಸ್ತ್ರ ಇಲ್ಲ."